ಹೊಳೆಯುವ ಇಂಕೋ, ಉಳಿಯುವ ಇಂಕೋ: ಕೈಯಿಂದ ಮಾಡುವ ಶುಭಾಶಯ ಕಾರ್ಡಿಗೆ ಯಾವುದು ಸರಿ?

ದಸರೆಗೆ ಬನ್ನಿ ಕಾರ್ಡು, ರಂಜಾನಿಗೆ ಈದ್ ಕಾರ್ಡು, ಆಮೇಲೆ ದೀಪಾವಳಿ, ಅದರ ಬೆನ್ನಿಗೇ ಮದುವೆ ಸೀಸನ್ನು. ಕಲಬುರಗಿ, ಬೀದರ್ ಕಡೆ ಕೈಯಿಂದ ಕಾರ್ಡು ಮಾಡುವವರಿಗೆ ಬಂಗಾರ ಬೆಳ್ಳಿಯ ಬಣ್ಣ ಬೇಕೇ ಬೇಕು. "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂತ ಬರೆಯುವ ಕಾರ್ಡಿನಲ್ಲಿ ಒಂದು ಎಳೆಯಾದರೂ ಬಂಗಾರ ಇರಬೇಕು, ಅಲ್ವಾ?

ಆದರೆ ಸ್ಟೇಷನರಿ ಅಂಗಡಿಗೆ ಹೋಗಿ ನಿಂತರೆ ತಲೆ ಕೆಡುತ್ತದೆ. ಮೆಟಾಲಿಕ್ ಜೆಲ್ ಪೆನ್ನು, ಪೇಂಟ್ ಮಾರ್ಕರು, ಪರ್ಲ್ ಅಕ್ರಿಲಿಕ್, ಸಣ್ಣ ಮೊನೆಯ ಪಿಗ್ಮೆಂಟ್ ಲೈನರು, ಸ್ಟ್ಯಾಂಪ್ ಪ್ಯಾಡು, ಡ್ರಾಯಿಂಗ್ ಇಂಕಿನ ಬಾಟಲಿ. ತುಂಡು ಕಾಗದದ ಮೇಲೆ ಒಂದು ಗೆರೆ ಎಳೆದು ನೋಡುತ್ತೇವೆ. ಯಾವುದು ಜಾಸ್ತಿ ಹೊಳೆಯಿತೋ ಅದನ್ನೇ ತರುತ್ತೇವೆ. ನಾನು ಹೇಳುವುದು ಒಂದೇ ಮಾತು. ಇಂಕನ್ನು ಹೊಳಪು ನೋಡಿ ಆರಿಸಬೇಡಿ. ಕಾರ್ಡಿನ ಕಾಗದ ಯಾವುದು, ಅದು ಯಾರ್ಯಾರ ಕೈ ದಾಟಿ ಹೋಗುತ್ತದೆ, ಎಷ್ಟು ದಿನ ಉಳಿಯಬೇಕು, ಇದನ್ನು ನೋಡಿ ಆರಿಸಿ. ಕಾಗದ ಗೊತ್ತಾದರೆ ಅರ್ಧ ಆಯ್ಕೆ ತಾನಾಗಿಯೇ ಮುಗಿಯುತ್ತದೆ.

ಡೈ, ಪಿಗ್ಮೆಂಟ್, ಮೆಟಾಲಿಕ್: ಒಳಗೆ ಇರುವುದೇನು

ಮಕ್ಕಳ ಸ್ಕೆಚ್ ಪೆನ್ನಿನಲ್ಲಿ ಇರುವುದು ಡೈ. ಸಕ್ಕರೆ ನೀರಿನಲ್ಲಿ ಕರಗುವ ಹಾಗೆ ಬಣ್ಣ ಅದರಲ್ಲಿ ಪೂರ್ತಿ ಕರಗಿರುತ್ತದೆ. ಕಾಗದ ಅದನ್ನು ಹೀರಿಕೊಳ್ಳುತ್ತದೆ. ಬೇಗ ಒಣಗುತ್ತದೆ, ಬಿಳಿ ಕಾಗದದ ಮೇಲೆ ಚೆಂದ ಕಾಣುತ್ತದೆ. ಆದರೆ ಕಪ್ಪು ಕಾಗದದ ಮೇಲೆ ಕಾಣುವುದೇ ಇಲ್ಲ. ಒಂದು ಹನಿ ನೀರು ಬಿದ್ದರೆ ಹರಡುತ್ತದೆ. ಕಿಟಕಿಯ ಹತ್ತಿರ ಇಟ್ಟರೆ ಬಿಸಿಲಿಗೆ ಮಾಸುತ್ತದೆ.

ಪಿಗ್ಮೆಂಟ್ ಅಂದರೆ ಕರಗದ ಬಣ್ಣದ ಪುಡಿ. ಕಪ್ಪು ಇಂಕಾದರೆ ಅದರಲ್ಲಿ ಕಾರ್ಬನ್ ಮಸಿ, ಬಿಳಿ ಇಂಕಾದರೆ ಟೈಟಾನಿಯಂ ಡೈಆಕ್ಸೈಡ್. ಈ ಪುಡಿ ನೀರಿನಲ್ಲಿ ತೇಲುತ್ತಿರುತ್ತದೆ, ಜೊತೆಗೆ ಅಂಟು ಇರುತ್ತದೆ. ಬರೆದಾಗ ನೀರು ಆರುತ್ತದೆ, ಪುಡಿ ಕಾಗದದ ಮೇಲೆಯೇ ಕೂತು ಅಂಟಿಕೊಳ್ಳುತ್ತದೆ. ಒಳಗೆ ಇಳಿಯದೆ ಮೇಲೆ ಕೂರುವುದರಿಂದಲೇ ಗೆರೆಯ ಅಂಚು ಚೂಪಾಗಿ ಉಳಿಯುತ್ತದೆ. ಬಿಳಿಯಂಥ ದಟ್ಟ ಪಿಗ್ಮೆಂಟ್ ಕಪ್ಪು ಕಾಗದದ ಮೇಲೂ ಎದ್ದು ಕಾಣುತ್ತದೆ. ಒಣಗಲು ಮಾತ್ರ ಸ್ವಲ್ಪ ಹೊತ್ತು ಬೇಕು.

ಮೆಟಾಲಿಕ್ ಇಂಕು ಕೂಡ ನಿಜಕ್ಕೂ ಪಿಗ್ಮೆಂಟ್ ಇಂಕೇ. ವ್ಯತ್ಯಾಸ ಇರುವುದು ಕಣದ ಗಾತ್ರದಲ್ಲಿ ಮತ್ತು ಆಕಾರದಲ್ಲಿ. ಮಾಮೂಲಿ ಪಿಗ್ಮೆಂಟ್ ಇಂಕಿನ ಕಣ ಒಂದು ಮೈಕ್ರಾನಿಗಿಂತ ಸಣ್ಣದು, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಮುತ್ತಿನ ಹೊಳಪಿನ ಪರ್ಲ್ ಇಂಕಿನಲ್ಲಿರುವ ಅಭ್ರಕದ (ಕಾಗೆಬಂಗಾರದ) ಚಕ್ಕೆ ಸಾಮಾನ್ಯವಾಗಿ 10ರಿಂದ 60 ಮೈಕ್ರಾನ್ ಅಗಲ ಇರುತ್ತದೆ. ಕನ್ನಡಿಯ ಚೂರಿನ ಹಾಗೆ ಚಪ್ಪಟೆ. ಇದೊಂದು ಸಂಗತಿ ನೆನಪಿದ್ದರೆ ಮುಂದಿನ ಎಷ್ಟೋ ವಿಷಯ ಸುಲಭವಾಗಿ ಅರ್ಥ ಆಗುತ್ತದೆ. ಚಕ್ಕೆ ಭಾರ, ಅದಕ್ಕೇ ತಳಕ್ಕೆ ಇಳಿಯುತ್ತದೆ. ಚಕ್ಕೆ ದೊಡ್ಡದು, ಅದಕ್ಕೇ ಫೌಂಟನ್ ಪೆನ್ನಿನ ಸಣ್ಣ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮನೆಯ ಇಂಕ್‌ಜೆಟ್ ಪ್ರಿಂಟರಿನ ತೂತಿನಲ್ಲಂತೂ ಹಾಯುವುದೇ ಇಲ್ಲ. ಪ್ರಿಂಟರಿನಿಂದ ಬಂಗಾರದ ಬಣ್ಣ ತೆಗೆಯುತ್ತೇನೆ ಅಂತ ಹೊರಟರೆ ಕಾಗದದ ಮೇಲೆ ಬರುವುದು ಸಾಸಿವೆಯ ಬಣ್ಣ ಅಷ್ಟೇ.

ಬಂಗಾರದ ಬಾಟಲಿ ತೆರೆದಾಗ ಗಮನಿಸಿ. ಮೇಲೆ ತಿಳಿ ನೀರು, ತಳದಲ್ಲಿ ದಪ್ಪ ಗಸಿ. ಮೆಲ್ಲಗೆ ಕಲಕಿದರೆ ಒಳಗೆ ಹೊಗೆ ಎದ್ದ ಹಾಗೆ ಚಕ್ಕೆಗಳು ಮೇಲೇಳುತ್ತವೆ. ಆಗ ನಿಬ್ಬನ್ನು ಬಾಟಲಿಯಲ್ಲಿ ಅದ್ದಬೇಡಿ. ಸಣ್ಣ ಕುಂಚದಿಂದ ಇಂಕು ತೆಗೆದು ನಿಬ್ಬಿನ ಬೆನ್ನಿಗೆ ಸವರಿ. ಗೆರೆ ಎಳೆದ ಕೂಡಲೇ ಅದು ಉಬ್ಬಿಕೊಂಡು ಮಂಕಾಗಿ ಕಾಣುತ್ತದೆ. ಗಾಬರಿ ಬೇಡ. ನೀರು ಆರುತ್ತಾ ಬಂದ ಹಾಗೆ ಚಕ್ಕೆಗಳು ಒಂದೊಂದಾಗಿ ಮಲಗುತ್ತವೆ. ಎಲ್ಲ ಚಪ್ಪಟೆಯಾಗಿ ಮಲಗಿದ ಮೇಲೆ ಬೆಳಕು ಒಂದೇ ಕಡೆಗೆ ತಿರುಗಿ ಬರುತ್ತದೆ. ಹೊಳಪು ಹುಟ್ಟುವುದು ಆಗ. ನಯವಾದ ಕಾಗದದ ಮೇಲೆ ಬಂಗಾರ ಜಾಸ್ತಿ ಹೊಳೆಯುವುದಕ್ಕೂ ಇದೇ ಕಾರಣ. ಒರಟು ಕೈಕಾಗದದ ಮೇಲೆ ಚಕ್ಕೆಗಳು ಅಡ್ಡಾದಿಡ್ಡಿ ನಿಲ್ಲುತ್ತವೆ, ಬೆಳಕು ಚದುರಿಹೋಗುತ್ತದೆ.

ಮೂರು ಬಗೆಯ ಬಂಗಾರ

ಬೀದರ್ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗುಮ್ಮಟ ಇದೆ. ಆತ ತೀರಿಕೊಂಡದ್ದು 1436ರಲ್ಲಿ. ಗುಮ್ಮಟದ ಒಳಮೈ ತುಂಬ ಬಣ್ಣದ ಚಿತ್ತಾರ, ನಡುವೆ ಬಂಗಾರದ ಅಕ್ಷರಗಳು. ಕಾರ್ಡು ಮಾಡುವವರು ಒಮ್ಮೆಯಾದರೂ ಹೋಗಿ ತಲೆ ಎತ್ತಿ ನೋಡಬೇಕಾದ ಜಾಗ ಅದು. ಮೊದಲ ಬಗೆ ನಿಜವಾದ ಬಂಗಾರ, ಅದು ಗಾಳಿಗೆ, ತೇವಕ್ಕೆ ಬಣ್ಣ ಕೆಡುವುದಿಲ್ಲ. ಸುರಪುರದ ಮಿನಿಯೇಚರ್ ವರ್ಣಚಿತ್ರಗಳಲ್ಲೂ ಬಂಗಾರದ ಕೆಲಸ ಇದೆ. ಅಂಥ ಬಂಗಾರ ನಮ್ಮ ಕಾರ್ಡಿಗೆ ಕೈಗೆಟುಕುವುದಲ್ಲ ಬಿಡಿ. ನಮಗೆ ಅಂಗಡಿಯಲ್ಲಿ ಸಿಗುವುದು ಉಳಿದ ಎರಡು.

ಒಂದು, ಬ್ರಾಂಜ್ ಪುಡಿ. ಹೆಸರು ಬ್ರಾಂಜ್ ಅಂತ ಇದ್ದರೂ ಇದು ತಾಮ್ರ ಮತ್ತು ಸತುವಿನ ಮಿಶ್ರಣ, ಅಂದರೆ ಹಿತ್ತಾಳೆಯ ಜಾತಿ. ಗೇಟಿಗೆ, ಮೂರ್ತಿಗಳಿಗೆ ಬಳಿಯಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಗೋಲ್ಡ್ ಪೌಡರ್ ಇದೇ. ಹೊಸದರಲ್ಲಿ ಇದರ ಹೊಳಪಿಗೆ ಸರಿಸಾಟಿ ಇಲ್ಲ. ಒಂದು ಪದರಕ್ಕೇ ಕಾಗದ ಪೂರ್ತಿ ಮುಚ್ಚುತ್ತದೆ. ಆದರೆ ಇದರಲ್ಲಿ ತಾಮ್ರ ಇದೆ. ತಾಮ್ರದ ಚೊಂಬು ಕಂದು ಬಣ್ಣಕ್ಕೆ ತಿರುಗುವುದನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ಆಗುವುದೂ ಅದೇ. ಬೆರಳಿನ ಬೆವರು, ಮಳೆಗಾಲದ ತೇವ, ಆಮ್ಲ ಇರುವ ಅಗ್ಗದ ಕಾಗದ ಸೇರಿದರೆ ಬಂಗಾರ ಕಂದಾಗುತ್ತದೆ, ಕೆಲವೊಮ್ಮೆ ಹಸಿರೂ ಆಗುತ್ತದೆ. ವಾರ್ನಿಷಿನಲ್ಲಿ ಕಲಸಿದರೆ ಇನ್ನೊಂದು ತೊಂದರೆ. ಗೆರೆಯ ಸುತ್ತ ಎಣ್ಣೆಯ ಕಲೆ ಕಾಗದಕ್ಕೆ ಇಳಿಯುತ್ತದೆ. ಒಂದು ದಿನದ ಸಮಾರಂಭದ ಫಲಕಕ್ಕೆ ಪರವಾಗಿಲ್ಲ. ಎತ್ತಿಡುವ ಕಾರ್ಡಿಗೆ ನಾನು ಇದನ್ನು ಬಳಸುವುದಿಲ್ಲ. ಪುಡಿ ತುಂಬ ನುಣ್ಣಗೆ ಇರುವುದರಿಂದ ಫ್ಯಾನ್ ಕೆಳಗೆ ಡಬ್ಬಿ ತೆರೆಯಬೇಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಎರಡು, ಅಭ್ರಕ, ನಮ್ಮ ಕಾಗೆಬಂಗಾರ. ಅಭ್ರಕದ ತೆಳು ಚಕ್ಕೆಗಳಿಗೆ ಟೈಟಾನಿಯಂ ಅಥವಾ ಕಬ್ಬಿಣದ ಆಕ್ಸೈಡಿನ ಲೇಪ ಕೊಟ್ಟಿರುತ್ತಾರೆ. ಕಬ್ಬಿಣದ ಲೇಪ ಇದ್ದರೆ ಬಂಗಾರ, ತಾಮ್ರದ ಛಾಯೆ. ಬರೀ ಟೈಟಾನಿಯಂ ಇದ್ದರೆ ಮುತ್ತಿನ ಬಿಳಿ. ಇದರಲ್ಲಿ ಕೆಡುವಂಥ ಲೋಹ ಇಲ್ಲವಾದ್ದರಿಂದ ಕಂದಾಗುವುದಿಲ್ಲ, ಹಸಿರಾಗುವುದಿಲ್ಲ. ಹೊಳಪು ಸ್ವಲ್ಪ ಮೆದು. ಪರ್ಲ್ ಅಂತ ಹೆಸರಿರುವ ಬಣ್ಣಗಳಲ್ಲಿ, ಮೆಟಾಲಿಕ್ ಜಲವರ್ಣದ ಬಿಲ್ಲೆಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ಫೆವಿಕ್ರಿಲ್‌ನ ಪರ್ಲ್ ಅಕ್ರಿಲಿಕ್ ನಮ್ಮ ಕಡೆ ಫ್ಯಾಬ್ರಿಕ್ ಪೇಂಟಿಂಗ್ ಮಾಡುವವರಿಗೆಲ್ಲ ಗೊತ್ತು. ಅದನ್ನೇ ಸ್ವಲ್ಪ ನೀರು ಬೆರೆಸಿ ಕುಂಚದಲ್ಲಿ ಕಾರ್ಡಿಗೂ ಬಳಸಬಹುದು.

ಬೆಳ್ಳಿಯ ಬಣ್ಣಕ್ಕೆ ಹೆಚ್ಚಾಗಿ ಹಾಕುವುದು ಅಲ್ಯುಮಿನಿಯಂ ಪುಡಿ. ಅದು ಬ್ರಾಂಜ್ ಪುಡಿಯ ಹಾಗೆ ಬೇಗ ಕಂದಾಗುವುದಿಲ್ಲ. ಬಂಗಾರಕ್ಕಿಂತ ಬೆಳ್ಳಿಯ ಆಯ್ಕೆಯಲ್ಲಿ ತಲೆನೋವು ಕಡಿಮೆ.

ಕಪ್ಪು ಕಾಗದ, ಬಿಳಿ ಕಾಗದ

ಕಪ್ಪು ಕಾರ್ಡಿನ ಮೇಲೆ ಬೆಳ್ಳಿ ಗೆರೆ ಎಳೆಯುವಾಗ ಬೀದರಿನವರಿಗೆ ನೆನಪಾಗುವುದು ಬಿದರಿ ಕೆಲಸ. ಸತುವು ಜಾಸ್ತಿ, ತಾಮ್ರ ಕಡಿಮೆ ಇರುವ ಎರಕದ ಪಾತ್ರೆಗೆ ಬೆಳ್ಳಿಯ ತಂತಿ ಕೂರಿಸುತ್ತಾರೆ. ಆಮೇಲೆ ಬೀದರ್ ಕೋಟೆಯ ಮಣ್ಣಿನ ಜೊತೆ ನವಸಾಗರ ಬೆರೆಸಿದ ನೀರಿನಲ್ಲಿ ಹಾಕುತ್ತಾರೆ. ಎರಕ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. 2006ರಲ್ಲಿ ಇದಕ್ಕೆ ಜಿಐ, ಅಂದರೆ ಭೌಗೋಳಿಕ ಸೂಚಕದ ಗುರುತು ಸಿಕ್ಕಿತು. 2023ರಲ್ಲಿ ಬೀದರಿನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

ಕಾರ್ಡು ಮಾಡುವವರು ಬಿದರಿಯಿಂದ ಕಲಿಯಬೇಕಾದದ್ದು ಬಳ್ಳಿ ಹೂವಿನ ನಕಾಶೆ ಒಂದನ್ನೇ ಅಲ್ಲ. ಹಿನ್ನೆಲೆ ಹೊಳೆಯಬಾರದು, ಗೆರೆ ಮಾತ್ರ ಹೊಳೆಯಬೇಕು. ಹಾಗಾಗಿ ಬಿದರಿ ನಮೂನೆಯ ಕಾರ್ಡಿಗೆ ನುಣುಪಾದ ಆದರೆ ಹೊಳಪಿಲ್ಲದ ಕಪ್ಪು ಕಾಗದ ತನ್ನಿ. ಅಂಗಡಿಯವರು ಆಸೆ ತೋರಿಸುವ ಮಿರಮಿರ ಮೆಟಾಲಿಕ್ ಶೀಟ್ ಬೇಡ. ಅದರ ಮೇಲೆ ಎಂಥ ಬೆಳ್ಳಿ ಇಂಕು ಹಾಕಿದರೂ ಕಳೆದುಹೋಗುತ್ತದೆ. ಗೆರೆ ತೆಳ್ಳಗಿರಲಿ, ಒಂದೇ ದಪ್ಪ ಇರಲಿ. ಇದಕ್ಕೆ ಬೆಳ್ಳಿ ಜೆಲ್ ಪೆನ್ನು ತುಂಬ ಒಳ್ಳೆಯ ಸಾಧನ.

ಅಭ್ರಕದ ಇಂಕಿಗೂ ಕಪ್ಪು ಕಾಗದಕ್ಕೂ ಒಳ್ಳೆಯ ಹೊಂದಾಣಿಕೆ. ಚಕ್ಕೆಯ ಮೇಲೆ ಬಿದ್ದ ಬೆಳಕಿನಲ್ಲಿ ಸ್ವಲ್ಪ ತಿರುಗಿ ಬರುತ್ತದೆ, ಉಳಿದದ್ದು ಒಳಗೆ ಹಾಯುತ್ತದೆ. ಕೆಳಗೆ ಕಪ್ಪು ಇದ್ದರೆ ಹಾದುಹೋದ ಬೆಳಕನ್ನು ಅದು ನುಂಗಿಬಿಡುತ್ತದೆ. ತಿರುಗಿ ಬಂದ ಹೊಳಪು ಮಾತ್ರ ಕಣ್ಣಿಗೆ ಕಾಣುತ್ತದೆ. ಬಿಳಿ ಕಾಗದ ಇದ್ದರೆ ಆ ಬೆಳಕೂ ವಾಪಸ್ ಬಂದು ಹೊಳಪನ್ನು ಮುಳುಗಿಸುತ್ತದೆ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ್ದು ಕಪ್ಪು ಕಲ್ಲಿನಲ್ಲಿ. ಅಲ್ಲಿ ಚಿಪ್ಪು ಎದ್ದು ಕಾಣುವುದನ್ನು ನೋಡಿದವರಿಗೆ ಮುತ್ತಿನ ಬಿಳಿ ಇಂಕನ್ನು ಯಾವ ಕಾಗದದ ಮೇಲೆ ಹಾಕಬೇಕು ಅಂತ ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಬಿಳಿ ಕಾರ್ಡಿನ ಮೇಲೆ ಬಂಗಾರ ಬೇಡವೇ? ಬೇಕು, ಆದರೆ ಉಪಾಯ ಬೇಕು. ನೇರವಾಗಿ ಬಿಳಿಯ ಮೇಲೆ ಅಭ್ರಕದ ಬಂಗಾರ ಬರೆದರೆ ಎದುರಿನಿಂದ ಮಂಕು ಹಳದಿ, ಓರೆಯಾಗಿ ಹಿಡಿದಾಗ ಮಾತ್ರ ಹೊಳಪು. ಅದಕ್ಕೆ ಮೊದಲು ಅದೇ ಗೆರೆಯನ್ನು ಕಂದು ಅಥವಾ ಕಾವಿ ಬಣ್ಣದ ಪಿಗ್ಮೆಂಟ್ ಇಂಕಿನಲ್ಲಿ ಬರೆಯಿರಿ. ಪೂರ್ತಿ ಒಣಗಲಿ. ಅದರ ಮೇಲೆ ಬಂಗಾರ ಎಳೆಯಿರಿ. ಎದುರಿನಿಂದ ಅಕ್ಷರ ಓದಲು ಬರುತ್ತದೆ, ಓರೆಯಿಂದ ಹೊಳೆಯುತ್ತದೆ. ಕೆಳಗಿನ ಗೆರೆ ಡೈ ಇಂಕಿನದ್ದಾಗಿರಬಾರದು. ಡೈ ಮೇಲೆ ಹಸಿ ಇಂಕು ಬಿದ್ದರೆ ಡೈ ಮತ್ತೆ ಕರಗಿ ಮೇಲಕ್ಕೆ ಏರುತ್ತದೆ. ಕೆಂಪು ಸ್ಕೆಚ್ ಪೆನ್ನಿನ ಮೇಲೆ ಬಿಳಿ ಪೆನ್ನು ಆಡಿಸಿದರೆ ಬಿಳಿ ಗುಲಾಬಿಯಾಗುವುದು ಇದರಿಂದಲೇ.

ಇನ್ನು ಕಪ್ಪು ಕಾಗದದ ಮೇಲೆ ಓದಬೇಕಾದ ಸಾಲುಗಳಿಗೆ ಬಿಳಿ ಪಿಗ್ಮೆಂಟ್ ಜೆಲ್ ಪೆನ್ನಿಗೆ ಸಮ ಬೇರೆ ಇಲ್ಲ. ಎಲ್ಲರೂ ಬಂಗಾರ ಬೆಳ್ಳಿಯ ಹಿಂದೆ ಬಿದ್ದು ಈ ಪೆನ್ನನ್ನು ಮರೆಯುತ್ತಾರೆ. ಯಾವ ಕೋನದಿಂದ ನೋಡಿದರೂ ಒಂದೇ ತರಹ ಕಾಣುವುದು ಇದೊಂದೇ.

ಅರಿಶಿನದ ಬೆರಳು ತಾಗಿದರೆ?

ಮದುವೆ ಕಾರ್ಡಿನ ಮೂಲೆಗಳಿಗೆ ಅರಿಶಿನ ಕುಂಕುಮ ಹಚ್ಚುವುದು ನಮ್ಮ ಪದ್ಧತಿ. ಒದ್ದೆ ಬೆರಳು ಕಾರ್ಡಿಗೆ ತಾಗಿಯೇ ತಾಗುತ್ತದೆ. ಇಂಕಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಪಿಗ್ಮೆಂಟ್ ಇಂಕು ಅಂದರೆ ನೀರಿಗೆ ಜಗ್ಗುವುದಿಲ್ಲ ಅಂತ ತುಂಬ ಜನ ನಂಬಿದ್ದಾರೆ. ಅದು ಅರ್ಧ ಮಾತ್ರ ಸರಿ. ಬಿಸಿಲು ತಡೆಯುವುದು ಪಿಗ್ಮೆಂಟಿನ ಗುಣ. ನೀರು ತಡೆಯುವುದು ಅದರ ಜೊತೆ ಇರುವ ಅಂಟಿನ ಗುಣ. ಅಂಟು ಯಾವುದು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅಕ್ರಿಲಿಕ್ ಅಂಟು ಒಮ್ಮೆ ಒಣಗಿದರೆ ಮತ್ತೆ ಕರಗುವುದಿಲ್ಲ. ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕೂ ಹಾಗೆಯೇ. ಆದರೆ ಜಲವರ್ಣದ ಬಿಲ್ಲೆಗಳಲ್ಲಿ ಇರುವುದು ಗೋಂದು, ಅಂದರೆ ಗಮ್ ಅರೇಬಿಕ್. ಅದು ಒಣಗಿದ ಮೇಲೂ ನೀರು ತಾಗಿದರೆ ಎದ್ದು ಬರುತ್ತದೆ. ಚೆಂದದ ಮೆಟಾಲಿಕ್ ಬಿಲ್ಲೆಯಲ್ಲಿ ಬರೆದ ಬಂಗಾರದ ಬಳ್ಳಿ ಒದ್ದೆ ಬೆರಳಿಗೆ ಅಂಟಿಕೊಂಡು ಹೋಗುತ್ತದೆ. ಒಳಗಿನ ಅಭ್ರಕ ಎಷ್ಟೇ ಗಟ್ಟಿ ಇದ್ದರೂ ಅಷ್ಟೇ.

ಆದ್ದರಿಂದ ಮದುವೆ ಕಾರ್ಡಿಗೆ, ಉಡುಗೊರೆಯ (ಆಯಾರದ) ಕವರಿಗೆ, ಗೃಹಪ್ರವೇಶದ ಕರೆಯೋಲೆಗೆ ಅಕ್ರಿಲಿಕ್ ಆಧಾರದ ಬಂಗಾರವನ್ನೇ ಆರಿಸಿ. ಬಿಲ್ಲೆಯ ಬಣ್ಣವೇ ಬೇಕು ಅಂದರೆ ನಾಲ್ಕು ಮೂಲೆ ಖಾಲಿ ಬಿಟ್ಟು ನಡುವೆ ಮಾತ್ರ ಬಳಸಿ. ಲೇಬಲ್ ಮೇಲೆ ಏನು ಬರೆದಿದೆ ಅಂತ ಓದುತ್ತಾ ಕೂರುವುದಕ್ಕಿಂತ ಮನೆಯಲ್ಲೇ ನೋಡುವುದು ಒಳ್ಳೆಯದು. ಅದೇ ಕಾಗದದ ತುಂಡಿನ ಮೇಲೆ ಒಂದು ಗೆರೆ ಎಳೆದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒದ್ದೆ ಬೆರಳಿನಿಂದ ಒತ್ತಿ ನೋಡಿ. ಇನ್ನೊಂದು ಗೆರೆಯನ್ನು ಒಣ ಹತ್ತಿಯಿಂದ ಉಜ್ಜಿ ನೋಡಿ. ಬಿಸಿಲಿನ ಪರೀಕ್ಷೆಗೆ ಗೆರೆಯ ಅರ್ಧ ಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ ಕಿಟಕಿಗೆ ಅಂಟಿಸಿ ಕೆಲವು ವಾರ ಬಿಡಿ. ಕಲಬುರಗಿಯ ಏಪ್ರಿಲ್, ಮೇ ಬಿಸಿಲು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ರಟ್ಟು ತೆಗೆದರೆ ಎರಡು ಭಾಗದ ವ್ಯತ್ಯಾಸ ತಾನೇ ಕಾಣುತ್ತದೆ. ಪಿಗ್ಮೆಂಟ್ ಅಂತ ಬರೆದಿದ್ದರೂ ಮಿಂಚುವ ನಿಯಾನ್ ಗುಲಾಬಿ, ನಿಯಾನ್ ಹಳದಿ ಬಣ್ಣಗಳನ್ನು ನಂಬಬೇಡಿ. ಅವು ಬಿಸಿಲಿಗೆ ಬೇಗ ಹೋಗುತ್ತವೆ.

ಯಾವ ಸಾಧನ, ಯಾವ ಕೆಲಸ

ಮೆಟಾಲಿಕ್ ಜೆಲ್ ಪೆನ್ನು ಎಲ್ಲರಿಗೂ ಸುಲಭ. ಹತ್ತು ವರ್ಷದ ಹುಡುಗಿಯೂ ಬಳಸಬಹುದು. ಬನ್ನಿ ಕಾರ್ಡಿಗೆ ನನ್ನ ಮೊದಲ ಆಯ್ಕೆ ಇದೇ. ಬನ್ನಿಯ ಎಲೆ ತೀರಾ ಸಣ್ಣದು, ಕಡ್ಡಿಯ ಎರಡೂ ಬದಿಗೆ ಜೋಡಿ ಜೋಡಿಯಾಗಿ ಇರುತ್ತದೆ. ಕಡ್ಡಿಯನ್ನು ಕಂದು ಪಿಗ್ಮೆಂಟ್ ಲೈನರಿನಲ್ಲಿ ಎಳೆದು, ಒಂದೊಂದು ಎಲೆಗೆ ಬಂಗಾರದ ಜೆಲ್ ಪೆನ್ನಿನಿಂದ ಒಂದೊಂದೇ ಒತ್ತು ಕೊಟ್ಟರೆ ಸಾಕು. ಕೈ ಎಳೆಯುವುದು ಬೇಡ, ಒತ್ತಿ ಎತ್ತಿ. ಎಲೆಯ ಬುಡ ದಪ್ಪ, ತುದಿ ಚೂಪು ತಾನೇ ಬರುತ್ತದೆ. ಆದರೆ ದೊಡ್ಡ ಜಾಗ ತುಂಬಲು ಜೆಲ್ ಪೆನ್ನು ಬೇಡ. ಗೆರೆ ಗೆರೆ ಕಾಣುತ್ತದೆ, ಪೆನ್ನೂ ಖಾಲಿ. ಮೊದಲ ಗೆರೆ ಒಣಗುವ ಮುಂಚೆ ಅದರ ಮೇಲೆ ಇನ್ನೊಂದು ಗೆರೆ ಹೋದರೆ ಪೆನ್ನಿನ ತುದಿಯ ಗುಂಡು ಹಸಿ ಇಂಕನ್ನು ಕೆತ್ತಿ ಹಾಕುತ್ತದೆ.

ಪೇಂಟ್ ಮಾರ್ಕರು ದೊಡ್ಡ ಜಾಗಕ್ಕೆ, ಕವರಿನ ಮೇಲಿನ ದಪ್ಪ ಅಕ್ಷರಕ್ಕೆ. ನಯವಾದ ಆರ್ಟ್ ಪೇಪರಿನ ಮೇಲೂ ಹಿಡಿಯುತ್ತದೆ. ಆದರೆ ವಾಸನೆ ಬರುವ, ಸಾಲ್ವೆಂಟ್ ಇರುವ ಮಾರ್ಕರು ತೆಳು ಕಾಗದದ ಹಿಂಬದಿಗೆ ಇಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಬಳಸಬೇಡಿ, ಮಕ್ಕಳ ಕೈಗೆ ಕೊಡಬೇಡಿ. ನೀರಿನ ಆಧಾರದ ಅಕ್ರಿಲಿಕ್ ಮಾರ್ಕರು ಸಿಕ್ಕರೆ ಅದನ್ನೇ ತಗೊಳ್ಳಿ.

ನಿಬ್ಬು ಮತ್ತು ಬಾಟಲಿ ಇಂಕು ಅಕ್ಷರ ಬರೆಯುವವರಿಗೆ. ಇಲ್ಲಿ ನಮ್ಮ ಲಿಪಿಯ ಸ್ವಭಾವವನ್ನು ನೋಡಲೇಬೇಕು. ಕನ್ನಡ ಅಕ್ಷರದಲ್ಲಿ ಸುಳಿ ಜಾಸ್ತಿ. ಸೊನ್ನೆ, ಗುಡಿಸು, ಒತ್ತಕ್ಷರ, ಮಹಾಪ್ರಾಣದ ಸೀಳು. ದಪ್ಪ ಮೆಟಾಲಿಕ್ ಇಂಕು ಉಬ್ಬಿ ನಿಲ್ಲುವುದರಿಂದ ಸಣ್ಣ ಸುಳಿಯ ಒಳಗೆ ತುಂಬಿಕೊಂಡು ಮುಚ್ಚಿಬಿಡುತ್ತದೆ. "ಶುಭಾಶಯ" ಬರೆದಾಗ "ಭಾ"ದ ಕೆಳಗಿನ ಸೀಳು ಮುಚ್ಚಿದರೆ ಅದು "ಬಾ" ಆಗುತ್ತದೆ. ಅರ್ಧ ಇಂಚಿಗಿಂತ ಸಣ್ಣ ಕನ್ನಡ ಅಕ್ಷರವನ್ನು ಮೆಟಾಲಿಕ್ ಇಂಕಿನಲ್ಲಿ ಬರೆಯದಿರುವುದೇ ಒಳ್ಳೆಯದು. ಸಣ್ಣ ಅಕ್ಷರಕ್ಕೆ ಪಿಗ್ಮೆಂಟ್ ಲೈನರು ಅಥವಾ ಕಪ್ಪು ಡ್ರಾಯಿಂಗ್ ಇಂಕು. ಬಂಗಾರ ಬೇಕೇ ಬೇಕು ಅಂದರೆ ತಲಕಟ್ಟಿನ ಮೇಲೆ ಮಾತ್ರ ಒಂದು ಎಳೆ ಕೊಡಿ. ಕಪ್ಪು ಅಕ್ಷರಕ್ಕೆ ಬಂಗಾರದ ತಲಕಟ್ಟು ಎಷ್ಟು ಚೆಂದ ಕಾಣುತ್ತದೆ ಅಂತ ಒಮ್ಮೆ ಮಾಡಿ ನೋಡಿ.

ಈದ್ ಕಾರ್ಡಿನ ಉರ್ದು ಬರಹಕ್ಕೆ ಲೆಕ್ಕ ಬೇರೆ. ಬಿದಿರಿನ ಅಥವಾ ಲಾಳದ ಕಡ್ಡಿಯ ಕಲಮಿನಲ್ಲಿ ಬರೆಯುವ ಗೆರೆ ಅಗಲ, ಅಕ್ಷರದ ನಡುವೆ ಜಾಗ ಜಾಸ್ತಿ. ಕಲಮಿನಲ್ಲಿ ಇಂಕು ಹರಿಯುವ ದಾರಿಯೂ ತೆರೆದೇ ಇರುತ್ತದೆ, ಚಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಬಂಗಾರದ ಇಂಕು ಕಲಮಿಗೆ ಹೊಂದುವಷ್ಟು ಸ್ಟೀಲಿನ ಸಣ್ಣ ನಿಬ್ಬಿಗೆ ಹೊಂದುವುದಿಲ್ಲ. ಒಂದೇ ಕಾರ್ಡಿನಲ್ಲಿ ಉರ್ದು, ಕನ್ನಡ ಎರಡೂ ಇದ್ದರೆ "ಈದ್ ಮುಬಾರಕ್" ಉರ್ದುವಿನಲ್ಲಿ ದೊಡ್ಡದಾಗಿ ಬಂಗಾರದಲ್ಲಿ, ಕನ್ನಡದ ಸಾಲು ಕೆಳಗೆ ಪಿಗ್ಮೆಂಟಿನಲ್ಲಿ ಬರೆಯುವುದು ನನಗೆ ಇಷ್ಟ.

ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ನಿಬ್ಬಿನ ಮೇಲೆಯೇ ಇಂಕು ಒಣಗಿ ಗೆರೆ ನಿಲ್ಲುತ್ತದೆ. ಬರೆಯುವಾಗ ಫ್ಯಾನ್ ಬಂದ್ ಮಾಡಿ, ಬೆಳಿಗ್ಗೆ ಬೇಗ ಕೂತು ಬರೆಯಿರಿ. ಸಣ್ಣ ಬಟ್ಟಲಿಗೆ ತೆಗೆದುಕೊಂಡ ಇಂಕಿಗೆ ಒಂದು ಹನಿ ಗ್ಲಿಸರಿನ್ ಹಾಕಿದರೆ ನಿಧಾನ ಒಣಗುತ್ತದೆ. ಜಾಸ್ತಿ ಹಾಕಬೇಡಿ. ಗ್ಲಿಸರಿನ್ ತೇವ ಹೀರುತ್ತದೆ, ಮಳೆಗಾಲದಲ್ಲಿ ಗೆರೆ ಜಿಗುಟಾಗಿಯೇ ಉಳಿದು ಪಕ್ಕದ ಕಾರ್ಡಿಗೆ ಅಂಟುತ್ತದೆ.

ಐವತ್ತು ನೂರು ಕಾರ್ಡು ಬೇಕಾದಾಗ ಪಿಗ್ಮೆಂಟ್ ಸ್ಟ್ಯಾಂಪ್ ಪ್ಯಾಡು ಮತ್ತು ಎಂಬಾಸಿಂಗ್ ಪುಡಿ ಸೇರಿದರೆ ಅದ್ಭುತ ಕೆಲಸ. ನಿಮ್ಮ ಚಿತ್ರಕ್ಕೆ ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಳ್ಳಿ. ಮೊದಲು ಕಾರ್ಡಿನ ಮೇಲೆ ಸ್ವಲ್ಪ ಟಾಲ್ಕಂ ಪೌಡರ್ ಬಟ್ಟೆಯಿಂದ ಸವರಿ ಒರೆಸಿ, ಇಲ್ಲದಿದ್ದರೆ ಪುಡಿ ಬೇಡದ ಕಡೆಯೂ ಅಂಟುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಸ್ಟ್ಯಾಂಪ್ ಒತ್ತಿ. ಅದು ನಿಧಾನ ಒಣಗುವುದೇ ಇಲ್ಲಿ ಅನುಕೂಲ. ಡೈ ಪ್ಯಾಡಿನ ಇಂಕು ಪುಡಿ ಹಾಕುವಷ್ಟರಲ್ಲಿ ಒಣಗಿಹೋಗುತ್ತದೆ. ಹಸಿ ಇಂಕಿನ ಮೇಲೆ ಬಂಗಾರದ ಎಂಬಾಸಿಂಗ್ ಪುಡಿ ಸುರಿದು, ಮಿಕ್ಕಿದ್ದನ್ನು ಮತ್ತೆ ಡಬ್ಬಿಗೆ ಕೊಡವಿ. ಆಮೇಲೆ ಹೀಟ್ ಗನ್ ಹಿಡಿಯಿರಿ. ಒರಟಾಗಿ ಮಂಕಾಗಿದ್ದ ಪುಡಿ ಒಂದು ಕ್ಷಣದಲ್ಲಿ ಕರಗಿ ನಯವಾಗುತ್ತದೆ. ಆ ಬದಲಾವಣೆ ಅಂಚಿನಿಂದ ಅಂಚಿಗೆ ಹರಿಯುವುದು ಕಣ್ಣಿಗೆ ಕಾಣುತ್ತದೆ. ಕಂಡ ಕೂಡಲೇ ಗನ್ ಮುಂದಕ್ಕೆ ಸರಿಸಿ, ಜಾಸ್ತಿ ಕಾಯಿಸಿದರೆ ಪುಡಿ ಕಾಗದಕ್ಕೆ ಇಳಿದು ಎಣ್ಣೆಯ ಹಾಗೆ ಕಾಣುತ್ತದೆ. ಕೂದಲು ಒಣಗಿಸುವ ಡ್ರೈಯರಿನಿಂದ ಇದು ಆಗುವುದಿಲ್ಲ. ಶಾಖ ಸಾಲದು, ಗಾಳಿಗೆ ಪುಡಿ ಹಾರುತ್ತದೆ. ಖರ್ಚು ಮೊದಲಿಗೆ ಜಾಸ್ತಿ ಅನಿಸಬಹುದು. ಆದರೆ ಗಟ್ಟಿತನದಲ್ಲಿ ಇದನ್ನು ಮೀರಿಸುವುದು ಇಲ್ಲ. ಒದ್ದೆ ಬೆರಳು, ಉಜ್ಜಾಟ ಎರಡನ್ನೂ ತಡೆಯುತ್ತದೆ.

ಇನ್ನೂರಕ್ಕೂ ಮೇಲೆ ಬೇಕಾದರೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವವರ ಹತ್ತಿರ ಹೋಗಿ. ಹೆಸರು ಮಾತ್ರ ಕೈಯಿಂದ ಬರೆಯಿರಿ.

ಮಡಿಕೆ, ಕವರು, ಅಂಚೆ

ಬಂಗಾರದ ಗೆರೆ ಮಡಿಕೆಯ ಮೇಲೆ ಹಾಯಬಾರದು. ಅಕ್ರಿಲಿಕ್ ಆಗಲಿ, ಎಂಬಾಸಿಂಗ್ ಆಗಲಿ, ಮಡಿಕೆಯಲ್ಲಿ ಒಡೆದು ಬಿಳಿ ಗೆರೆ ಬೀಳುತ್ತದೆ. ಮೊದಲು ಕಾಗದಕ್ಕೆ ಗೀರು ಹಾಕಿ ಮಡಿಸಿ, ಆಮೇಲೆ ಚಿತ್ರ ಬರೆಯಿರಿ. 250ರಿಂದ 300 ಜಿಎಸ್‌ಎಂ (ಕಾಗದದ ತೂಕದ ಅಳತೆ) ಕಾರ್ಡ್ ಶೀಟ್ ಇದ್ದರೆ ಇಂಕಿನ ತೇವಕ್ಕೆ ಸೊಟ್ಟ ಆಗುವುದಿಲ್ಲ. ತೆಳು ಚಾರ್ಟ್ ಪೇಪರ್ ಈ ಕೆಲಸಕ್ಕೆ ಬಾರದು.

ಅಂಚೆಯಲ್ಲಿ ಹೋಗುವ ಕಾರ್ಡು ಕವರಿನ ಒಳಗೆ ದಾರಿಯುದ್ದಕ್ಕೂ ಉಜ್ಜಿಕೊಳ್ಳುತ್ತಲೇ ಇರುತ್ತದೆ. ಪಿಗ್ಮೆಂಟ್, ಮೆಟಾಲಿಕ್ ಎರಡೂ ಕಾಗದದ ಮೇಲೆಯೇ ಕೂರುವ ಇಂಕು, ಹಾಗಾಗಿ ಎರಡಕ್ಕೂ ಒಂದು ತುಂಡು ಬಟರ್ ಪೇಪರ್ ಹೊದಿಸಿ. ಒಣಗಲು ಒಂದು ಪೂರ್ತಿ ದಿನ ಬಿಟ್ಟ ಮೇಲೆಯೇ ಕವರಿಗೆ ಹಾಕಿ. ಹೊಳಪು ಕಾಗದದ ಮೇಲೆ ಪ್ಯಾಡಿನ ಪಿಗ್ಮೆಂಟ್ ಇಂಕು ಎಷ್ಟು ದಿನ ಬಿಟ್ಟರೂ ಸರಿಯಾಗಿ ಒಣಗದೆ ಉಳಿಯುವುದುಂಟು. ಅಲ್ಲಿ ಶಾಖ ಕೊಡಲೇಬೇಕು, ಇಲ್ಲವೇ ಕಾಗದ ಬದಲಿಸಬೇಕು.

ಕವರಿನ ಮೇಲಿನ ವಿಳಾಸಕ್ಕೆ ಬಂಗಾರ ಬೇಡವೇ ಬೇಡ. ಹೊಳೆಯುವ ಅಕ್ಷರ ಟ್ಯೂಬ್ ಲೈಟಿನ ಕೆಳಗೆ ಓದಲು ಬರುವುದಿಲ್ಲ. ವಿಂಗಡಿಸುವವರಿಗೆ ಸುಮ್ನೆ ಯಾಕೆ ತೊಂದರೆ? ವಿಳಾಸ, ಪಿನ್‌ಕೋಡ್ ಕಪ್ಪು ಪಿಗ್ಮೆಂಟಿನಲ್ಲಿ ಇರಲಿ. ಮಳೆಯಲ್ಲಿ ನೆನೆದರೂ 585401 ಓದಲು ಬಂದರೆ ಕಾರ್ಡು ಬೀದರ್ ತಲುಪುತ್ತದೆ. ಅಲಂಕಾರ ಬೇಕಾದರೆ ಕವರಿನ ಹಿಂಬದಿಯ ಮುಚ್ಚಳದ ಮೇಲೆ ಮಾಡಿ.

ಮೊದಲ ಸಲ ಕೊಳ್ಳುವವರು ಎಲ್ಲವನ್ನೂ ತರಬೇಕಿಲ್ಲ. ಒಂದು ಕಪ್ಪು ಪಿಗ್ಮೆಂಟ್ ಲೈನರು, ಒಂದು ಬಿಳಿ ಜೆಲ್ ಪೆನ್ನು, ಒಂದು ಬಂಗಾರದ ಜೆಲ್ ಪೆನ್ನು, ಒಂದು ಸಣ್ಣ ಶೀಶೆ ಪರ್ಲ್ ಗೋಲ್ಡ್ ಅಕ್ರಿಲಿಕ್. ಇಷ್ಟರಲ್ಲಿ ಬನ್ನಿ ಕಾರ್ಡು, ಈದ್ ಕಾರ್ಡು, ಆಯಾರದ ಕವರು ಎಲ್ಲ ಆಗುತ್ತದೆ. ಜೆಲ್ ಪೆನ್ನನ್ನು ಮೂತಿ ಕೆಳಗಾಗಿ ಇಡಿ, ಪೇಂಟ್ ಮಾರ್ಕರನ್ನು ಅಡ್ಡ ಮಲಗಿಸಿ ಇಡಿ, ಸ್ಟ್ಯಾಂಪ್ ಪ್ಯಾಡನ್ನು ಬೋರಲಾಗಿ ಇಡಿ. ಪ್ಯಾಡಿನ ಇಂಕು ಆಗ ಮೇಲ್ಮೈಗೆ ಇಳಿದು ಬರುತ್ತದೆ.

ಕಾರ್ಡಿನ ಫೋಟೋ ವಾಟ್ಸಾಪಿನಲ್ಲಿ ಕಳಿಸುವವರಿಗೆ ಒಂದು ಮಾತು. ಸ್ಕ್ಯಾನ್ ಮಾಡಿದರೆ ಬಂಗಾರ ಕಂದಾಗಿ, ಬೆಳ್ಳಿ ಬೂದಿಯಾಗಿ ಕಾಣುತ್ತದೆ. ಕಿಟಕಿಯ ಪಕ್ಕ ಕಾರ್ಡಿಟ್ಟು, ಬೆಳಕು ಓರೆಯಾಗಿ ಬೀಳುವ ಹಾಗೆ ತಿರುಗಿಸಿ, ಫ್ಲ್ಯಾಶ್ ಹಾಕದೆ ಫೋಟೋ ತೆಗೆಯಿರಿ.